ಎಯುಪಿ ಫೈಲ್ ಒಂದನ್ನೇ ಕಾಪಿ ಮಾಡಿಟ್ಟು ಆಯಿಯ ಪದಗಳನ್ನು ಕಳೆದುಕೊಂಡೆ

ಧ್ವನಿ ರೆಕಾರ್ಡ್, ಎಡಿಟ್ ಮಾಡುವ ಆಡಾಸಿಟಿ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಮಾಡಿದ ರೆಕಾರ್ಡಿಂಗ್ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಇವತ್ತೇ ಒಮ್ಮೆ ತೆಗೆದು ನೋಡಿ. ಎಯುಪಿ ಎಂಬ ಪ್ರಾಜೆಕ್ಟ್ ಫೈಲಿನ ಪಕ್ಕದಲ್ಲೇ ಅದೇ ಹೆಸರಿನ, ಕೊನೆಗೆ ‘ಡೇಟಾ’ ಎಂದಿರುವ ಫೋಲ್ಡರ್ ಇರಬೇಕು. ಅದು ಇಲ್ಲದಿದ್ದರೆ ನೀವು ಜೋಪಾನ ಮಾಡಿಟ್ಟ ಫೈಲಿನಲ್ಲಿ ಧ್ವನಿಯೇ ಇಲ್ಲ. ನನಗೆ ಇದು ಗೊತ್ತಾಗುವ ಹೊತ್ತಿಗೆ ಹಾಡಿದವಳೇ ಇರಲಿಲ್ಲ.

2019ರ ಸುಗ್ಗಿಯಲ್ಲಿ ಇಂಡಿ ತಾಲೂಕಿನ ನಮ್ಮೂರಿಗೆ ಹೋಗಿ ಮೂರು ಸಂಜೆ ಆಯಿಯ, ಅಂದರೆ ನನ್ನ ಅಜ್ಜಿಯ, ಪದಗಳನ್ನು ರೆಕಾರ್ಡ್ ಮಾಡಿದ್ದೆ. ಬೀಸುವ ಪದ, ಕುಟ್ಟುವ ಪದ, ಸೋಬಾನ, ಜೊತೆಗೆ ಅವಳ ಅಪ್ಪ ಕಣದಲ್ಲಿ ಸಾಲಾಗಿ ಎತ್ತು ಕಟ್ಟಿ ತೆನೆ ತುಳಿಸುವಾಗ ಹಾಡುತ್ತಿದ್ದ ಒಂದು ಹಂತಿ ಪದ. ರಾಶಿ ಮಾಡಲು ಮಷಿನ್ ಬಂದ ಮೇಲೆ ನಮ್ಮ ಕಡೆ ಹಂತಿ ಕಟ್ಟುವುದೇ ನಿಂತಿದೆ, ಅದರ ಪದ ಬಲ್ಲವರು ಊರಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಮೊದಲ ದಿನ ಆಯಿಗೆ ಎರಡು ನುಡಿಗಿಂತ ಮುಂದೆ ನೆನಪಾಗಲಿಲ್ಲ. “ಸುಮ್ನ ಕುಂತ್ರ ಎಲ್ಲಿಂದ ಬರತೈತೋ ತಮ್ಮಾ? ಬೀಸೂಕಲ್ಲ ತಾ. ಗೂಟಾ ಹಿಡದ್ರ ಪದಾ ತಾನ ಬರತೈತಿ” ಅಂದಳು. ಮೂಲೆಯಲ್ಲಿದ್ದ ಕಲ್ಲನ್ನು ಎಳೆದು ತಂದು, ಒಂದು ಹಿಡಿ ಜೋಳ ಹಾಕಿ ಕೊಟ್ಟೆವು. ಆಮೇಲೆ ನಿಲ್ಲಿಸಲೇ ಇಲ್ಲ. ಒಟ್ಟು 3 ಗಂಟೆ 10 ನಿಮಿಷ.

ಮೈಕನ್ನು ನೇರವಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಆಡಾಸಿಟಿಯಲ್ಲೇ ರೆಕಾರ್ಡ್ ಮಾಡಿದ್ದೆ. ಫೋನಿನಲ್ಲಿ ಇನ್ನೊಂದು ಪ್ರತಿ ಹಿಡಿದುಕೊಳ್ಳಲಿಲ್ಲ. ವಿಜಯಪುರಕ್ಕೆ ಬಂದು ಫ್ಯಾನಿನ ಸದ್ದು ತೆಗೆದೆ, ಪ್ರತಿ ಪದ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಲೇಬಲ್ ಹಾಕಿದೆ, ಪ್ರಾಜೆಕ್ಟ್ ಸೇವ್ ಮಾಡಿದೆ. ನೇರವಾಗಿ ಕೇಳಬಹುದಾದ ವೇವ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಲಿಲ್ಲ. ಎಡಿಟಿಂಗ್ ಇನ್ನೂ ಮುಗಿದಿಲ್ಲ, ಪೂರ್ತಿ ಆದ ಮೇಲೆ ಮಾಡಿದರಾಯಿತು ಅಂದುಕೊಂಡಿದ್ದೆ.

2021ರ ಆರಂಭದಲ್ಲಿ ಲ್ಯಾಪ್‌ಟಾಪ್ ತೀರಾ ನಿಧಾನವಾಗಿ, ಫಾರ್ಮ್ಯಾಟ್ ಮಾಡಿಸಲು ಕೊಡುವ ಮುಂಚೆ ಬೇಕಾದದ್ದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡೆ. ಎಯುಪಿ ಫೈಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಕಾಪಿ ಆಯಿತು. ಪಕ್ಕದ ಡೇಟಾ ಫೋಲ್ಡರ್ ತೆರೆದರೆ ಅಕ್ಷರ, ಅಂಕಿ ಕಲಸಿದ ಹೆಸರಿನ ಸುಮಾರು ಎರಡು ಸಾವಿರ ಸಣ್ಣ ಫೈಲುಗಳು. ತಂತ್ರಾಂಶ ತನ್ನ ಕೆಲಸಕ್ಕೆ ಮಾಡಿಕೊಂಡ ಕಸ ಇರಬೇಕು ಎಂದು ಬಿಟ್ಟುಬಿಟ್ಟೆ. ಮೂರು ಗಂಟೆಯ ಧ್ವನಿ ಅರ್ಧ ಎಂಬಿಯೂ ಇಲ್ಲದ ಫೈಲಿನಲ್ಲಿ ಹೇಗೆ ಹಿಡಿಸೀತು ಎಂದು ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು.

ಹಳೆಯ ಆಡಾಸಿಟಿ ಕೆಲಸ ಮಾಡುತ್ತಿದ್ದದ್ದೇ ಹಾಗೆ. ಧ್ವನಿಯನ್ನು ಸುಮಾರು ಒಂದೊಂದು ಎಂಬಿಯ ತುಂಡುಗಳಾಗಿ ಕತ್ತರಿಸಿ ಡೇಟಾ ಫೋಲ್ಡರಿನಲ್ಲಿ ಇಡುತ್ತಿತ್ತು. ಮಾಮೂಲಿ ಸೆಟ್ಟಿಂಗಿನಲ್ಲಿ ಒಂದು ಟ್ರ್ಯಾಕಿನ ಸೆಕೆಂಡಿಗೆ 1,76,400 ಬೈಟ್ ಬೇಕು, ಹಾಗಾಗಿ ಒಂದು ತುಂಡಿನಲ್ಲಿ ಹಿಡಿಸುವುದು ಆರು ಸೆಕೆಂಡಿನಷ್ಟು ಧ್ವನಿ. ಎಯುಪಿ ಬರೀ ಪಠ್ಯದ ಫೈಲು: ಯಾವ ತುಂಡಾದ ಮೇಲೆ ಯಾವ ತುಂಡು ಎಂಬ ಪಟ್ಟಿ, ಜೊತೆಗೆ ನಾವು ಹಾಕಿದ ಲೇಬಲ್. ಫೋಲ್ಡರಿನ ಹೆಸರೂ ಆ ಪಟ್ಟಿಯಲ್ಲೇ ಬರೆದಿರುತ್ತದೆ, ಆದ್ದರಿಂದ ಅದರ ಹೆಸರು ಬದಲಿಸಿದರೂ ಕೊಂಡಿ ತಪ್ಪುತ್ತದೆ.

ಆ ವರ್ಷ ಮಳೆಗಾಲದಲ್ಲಿ ಆಯಿ ತೀರಿಕೊಂಡಳು. ಮರುವರ್ಷದ ತಿಥಿಗೆ ಎಲ್ಲರೂ ಕೂಡಿದಾಗ ಅವಳ ಪದ ಕೇಳಿಸುತ್ತೇನೆಂದು ಪೆನ್‌ಡ್ರೈವ್ ಹಾಕಿದೆ. ಡೇಟಾ ಫೋಲ್ಡರ್ ಸಿಗುತ್ತಿಲ್ಲ ಎಂಬ ಸಂದೇಶ ಬಂತು. ಎಯುಪಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ನನ್ನ ಲೇಬಲ್‌ಗಳೆಲ್ಲ ಇದ್ದವು. ‘ಹಂತಿ ಪದ, ಮೂರನೇ ನುಡಿ ಮರೆತು ಮತ್ತೆ ಹಾಡಿದಳು’ ಅಂತ, ಎಷ್ಟನೇ ಸೆಕೆಂಡಿಗೆ ಎಂಬುದರ ಸಮೇತ. ಧ್ವನಿ ಇರಲಿಲ್ಲ.

ಎರಡನೇ ತಪ್ಪು ಇಲ್ಲಿಂದ ಶುರು. ಗಾಬರಿಯಲ್ಲಿ ಲ್ಯಾಪ್‌ಟಾಪನ್ನು ನಗರದ ಒಂದು ಅಂಗಡಿಗೆ ಒಯ್ದೆ. “ನೂರಕ್ಕ ನೂರು ತೆಗದ ಕೊಡ್ತೀನ್ರಿ ಸರ” ಎಂದು ಹೇಳಿ 3,500 ರೂಪಾಯಿ ಮೊದಲೇ ತೆಗೆದುಕೊಂಡರು. ರಿಕವರಿ ತಂತ್ರಾಂಶವನ್ನು ಅದೇ ಹಾರ್ಡ್ ಡಿಸ್ಕಿಗೆ ಹಾಕಿದರು, ಸಿಕ್ಕ ಫೈಲುಗಳನ್ನೂ ಅದರಲ್ಲೇ ಉಳಿಸಿದರು. ಅಳಿಸಿದ ಫೈಲು ಡಿಸ್ಕಿನಲ್ಲಿ ಇನ್ನೂ ಇರುವುದು ಅದರ ಮೇಲೆ ಬೇರೆ ಏನೂ ಬರೆಯುವ ತನಕ ಮಾತ್ರ. ಒಂದು ವರ್ಷಕ್ಕೂ ಹೆಚ್ಚಿನ ಬಳಕೆಯಲ್ಲಿ ನಾನು ಅರ್ಧ ಅಳಿಸಿದ್ದೆ, ಉಳಿದದ್ದರ ಮೇಲೆ ಅವರು ಬರೆದರು. ನೂರಕ್ಕೆ ನೂರು ಎನ್ನುವವರ ಕೈಗೆ ಡಿಸ್ಕ್ ಕೊಡಬೇಡಿ. ಸಿಕ್ಕಿದ್ದನ್ನು ಎಲ್ಲಿ ಉಳಿಸುತ್ತೀರಿ ಎಂದು ಮೊದಲು ಕೇಳಿ. ಬೇರೆ ಡಿಸ್ಕಿಗೆ ಎಂಬ ಉತ್ತರ ಬರದಿದ್ದರೆ ಎದ್ದು ಬನ್ನಿ.

ಬಾಗಲಕೋಟೆಯ ನನ್ನ ಗೆಳೆಯನೊಬ್ಬ ರಾತ್ರಿಯಿಡೀ ನಡೆದ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟವನ್ನು ರೆಕಾರ್ಡರಿನಲ್ಲಿ ಹಿಡಿದು, ಮರುದಿನ ಕಾರ್ಡನ್ನು ಕೈತಪ್ಪಿ ಫಾರ್ಮ್ಯಾಟ್ ಮಾಡಿಬಿಟ್ಟ. ಆದರೆ ತಕ್ಷಣ ಕಾರ್ಡ್ ಹೊರತೆಗೆದು ಎತ್ತಿಟ್ಟ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಬಳಸಿ, ಸಿಕ್ಕಿದ್ದನ್ನು ಕಂಪ್ಯೂಟರಿಗೆ ಇಳಿಸಿಕೊಂಡ. ವೇವ್ ಫೈಲುಗಳು ಪೂರ್ತಿ ಬಂದವು. ಹಾರ್ಡ್ ಡಿಸ್ಕಿನ ಬದಲು ಚಿಪ್ಪಿನಲ್ಲಿ ಫೈಲು ಉಳಿಸುವ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪಿನಲ್ಲಿ ಈ ನಂಬಿಕೆಯನ್ನೂ ಇಟ್ಟುಕೊಳ್ಳಬೇಡಿ. ಅಳಿಸಿದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ಸಾಮಾನ್ಯವಾಗಿ ತಾನೇ ಖಾಲಿ ಮಾಡಿಬಿಡುತ್ತದೆ.

ನನಗೆ ಸಿಕ್ಕಿದ್ದು 412 ತುಂಡು, ಸುಮಾರು ನಲವತ್ತು ನಿಮಿಷ. ರಿಕವರಿಯಲ್ಲಿ ಹೆಸರುಗಳು ಹೋಗಿದ್ದರಿಂದ ಎಯುಪಿಯ ಪಟ್ಟಿಗೆ ಅವುಗಳನ್ನು ಹೊಂದಿಸಲಾಗಲಿಲ್ಲ. ಹೆಸರು ಉಳಿದಿದ್ದರೆ ಆ ಪಟ್ಟಿಯ ಪ್ರಕಾರ ಅನುಕ್ರಮವಾಗಿ ಜೋಡಿಸಬಹುದಿತ್ತು. ಸಾಲದ್ದಕ್ಕೆ, ನಾನು ಫ್ಯಾನಿನ ಸದ್ದು ತೆಗೆದಾಗ ಇಡೀ ಧ್ವನಿ ಹೊಸ ತುಂಡುಗಳಾಗಿ ಬರೆದುಕೊಂಡಿತ್ತು, ಹಾಗಾಗಿ ಸದ್ದಿರುವ ಹಳೆಯ ತುಂಡು, ಸದ್ದಿಲ್ಲದ ಹೊಸ ತುಂಡು ಎರಡೂ ಬೆರೆತು ಬಂದವು.

ಕೊನೆಗೆ ಅತ್ತಿಯನ್ನು, ಅಂದರೆ ಸೋದರತ್ತೆಯನ್ನು, ಕೂಡಿಸಿಕೊಂಡೆ. ಆಯಿಯ ಜೊತೆ ಬೀಸುತ್ತ ಬೆಳೆದವಳು ಅವಳು. ಒಂದೊಂದೇ ತುಂಡು ಕೇಳಿಸಿದಾಗ ಕಣ್ಣು ಮುಚ್ಚಿ, ಅದರ ಮುಂದಿನ ಸಾಲನ್ನು ತಾನು ಹಾಡಿ, “ಇದು ಹಿಂದಿಂದೈತಿ, ಅದನ್ನ ಮುಂದಕ್ಕ ಹಾಕು” ಎನ್ನುತ್ತಿದ್ದಳು. ಕೆಲವು ಕಡೆ ಪದ ಅಲ್ಲ, ಕಲ್ಲು ತಿರುಗುವ ಸದ್ದು ಮಾತ್ರ; ಅದರ ವೇಗ ಕೇಳಿಯೇ ಯಾವ ಪದದ ನಡುವಿನದು ಎಂದು ಗುರುತು ಹಿಡಿದಳು. ಹನ್ನೊಂದು ದಿನದಲ್ಲಿ ಎರಡು ಬೀಸುವ ಪದ ಪೂರ್ತಿ ಕೂಡಿದವು. ಹಂತಿ ಪದದ್ದು ನಾಲ್ಕೇ ತುಂಡು, ಮೂರನೇ ನುಡಿ ಅದರಲ್ಲಿಲ್ಲ.

2021ರ ಮಾರ್ಚಿನಲ್ಲಿ ಬಂದ ಆಡಾಸಿಟಿ 3.0ರಿಂದ ಎಲ್ಲವೂ ಎಯುಪಿ3 ಎಂಬ ಒಂದೇ ಫೈಲಿನಲ್ಲಿ ಇರುತ್ತದೆ. ಹಳೆಯ ಎಯುಪಿ ಮತ್ತು ಡೇಟಾ ಫೋಲ್ಡರ್ ಎರಡೂ ಇರುವವರು ಹೊಸ ಆವೃತ್ತಿಯಲ್ಲಿ ತೆರೆದು, ಕೊನೆಯ ತನಕ ಕೇಳಿ, ಎಯುಪಿ3 ಆಗಿ ಉಳಿಸಿಕೊಳ್ಳಿ. ಅಲ್ಲಿಯವರೆಗೆ ಹಳೆಯದನ್ನು ಮುಟ್ಟಬೇಡಿ. ಹೊಸದರಲ್ಲೂ ಪ್ರಾಜೆಕ್ಟ್ ತೆರೆದಿರುವಾಗ ಕಾಪಿ ಮಾಡಬಾರದು. ಆಗ ಪಕ್ಕದಲ್ಲಿ ‘ವಾಲ್’ ಎಂದು ಕೊನೆಯಾಗುವ ಇನ್ನೊಂದು ಫೈಲು ಇರುತ್ತದೆ, ಇತ್ತೀಚಿನ ಬದಲಾವಣೆ ಅದರಲ್ಲಿರಬಹುದು. ಕಂಪ್ಯೂಟರ್ ನಡುವೆ ಬಂದ್ ಆಗಿ ಅದು ಹಾಗೇ ಉಳಿದಿದ್ದರೆ ಅಳಿಸಬೇಡಿ. ರೆಕಾರ್ಡಿಂಗ್ ಮುಗಿದ ಸಂಜೆಯೇ, ಎಡಿಟಿಂಗಿಗೆ ಕೈ ಹಾಕುವ ಮುಂಚೆ, ಒಂದು ವೇವ್ ಪ್ರತಿ ತೆಗೆದಿಡಿ. ಒಂದೇ ಟ್ರ್ಯಾಕಾದರೆ 16 ಬಿಟ್‌ನಲ್ಲಿ ಗಂಟೆಗೆ ಸುಮಾರು 318 ಎಂಬಿ. ನನ್ನ ಮೂರು ಗಂಟೆ ಹತ್ತು ನಿಮಿಷ ಸುಮಾರು ಒಂದು ಜಿಬಿಯ ಲೆಕ್ಕ.

ಜಾಗ ಗೊತ್ತಾಗದ 37 ತುಂಡುಗಳು ಇನ್ನೂ ಉಳಿದಿವೆ. ಪಂಚಮಿಗೆ ಅತ್ತಿ ತವರಿಗೆ ಬರುತ್ತಾಳೆ, ಆಗ ಮತ್ತೊಮ್ಮೆ ಕೇಳಿಸಬೇಕು.