ಬಂದು ಹೋದ ಕತ್ತಲೆ: ಕಾಸರಗೋಡು ಕಡೆಯವರಿಗೆ ಯಾವ ತಪಾಸಣೆಯಿಂದ ಎಷ್ಟು ಉಪಯೋಗ

ಒಂದು ಕಣ್ಣಿನ ನೋಟ ಐದು ನಿಮಿಷ ಪೂರ್ತಿ ಮಾಯವಾಗಿ, ಮತ್ತೆ ಮೊದಲಿನ ಹಾಗೆ ಬಂತು ಎಂದುಕೊಳ್ಳಿ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಬಹಳ ಮಂದಿ ಮೊದಲು ಹತ್ತುವುದು ಕನ್ನಡಕದಂಗಡಿಯ ಮೆಟ್ಟಿಲು. ಹತ್ತಿರದಲ್ಲಿ ಇರುತ್ತದೆ, ಚೀಟಿ ಮಾಡಿಸಲು ಸಾಲು ನಿಲ್ಲಬೇಕಾಗಿಲ್ಲ, ಪರೀಕ್ಷೆ ಹೆಚ್ಚಾಗಿ ಉಚಿತ. ಹಾಗಾಗಿ ಅಲ್ಲಿನ ಕಂಪ್ಯೂಟರ್ ಪರೀಕ್ಷೆಯಿಂದಲೇ ಶುರುಮಾಡೋಣ.

ಗದ್ದ ಊರಿ ಕುಳಿತರೆ ಯಂತ್ರದೊಳಗೆ ಒಂದು ಉದ್ದ ರಸ್ತೆ, ಅದರ ತುದಿಯಲ್ಲಿ ಬಣ್ಣದ ಬಲೂನು. ಒಮ್ಮೆ ಮಸುಕಾಗುತ್ತದೆ, ಮತ್ತೆ ಸ್ಪಷ್ಟವಾಗುತ್ತದೆ, ಅಷ್ಟರಲ್ಲಿ ಸಣ್ಣ ಕಾಗದದ ತುಂಡೊಂದು ಹೊರಗೆ ಬರುತ್ತದೆ. ಅದರಲ್ಲಿ ಇರುವುದು ಕನ್ನಡಕದ ಪವರ್ ಮಾತ್ರ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾವನ್ನಾಗಲಿ ಅದಕ್ಕೆ ರಕ್ತ ಕೊಡುವ ನಾಳವನ್ನಾಗಲಿ ಆ ಯಂತ್ರ ನೋಡುವುದೇ ಇಲ್ಲ. ಓದುವುದಕ್ಕೆ ಕನ್ನಡಕ ಬೇಕಾದವರಿಗೆ ಇದು ಒಳ್ಳೆಯ ಸೇವೆ. ನೋಟ ಹೋಗಿ ಬಂದವರಿಗೆ ಇದರಿಂದ ಏನೂ ಸಿಗದು. ‘ಕಂಪ್ಯೂಟರಿನಲ್ಲಿ ನೋಡಿದ್ದಾರೆ, ಎಲ್ಲ ನಾರ್ಮಲ್’ ಎಂಬ ಸಮಾಧಾನದಿಂದ ಹಾನಿಯೇ ಹೆಚ್ಚು, ಏಕೆಂದರೆ ಇಂಥ ಘಟನೆಯ ನಂತರ ಪಾರ್ಶ್ವವಾಯುವಿನ ಅಪಾಯ ಅತಿ ಹೆಚ್ಚಿರುವುದು ಮೊದಲ ಕೆಲವು ದಿನಗಳಲ್ಲಿ. ಊರಿನ ಶಾಲೆಯಲ್ಲಿ ನಡೆಯುವ ಉಚಿತ ನೇತ್ರ ಶಿಬಿರಕ್ಕೂ ಇದೇ ಮಾತು. ಅದು ಪೊರೆ ಪತ್ತೆಮಾಡಲು ಇರುವುದು. ಮುಂದಿನ ತಿಂಗಳ ಶಿಬಿರಕ್ಕೆಂದು ಕಾಯಲೇಬಾರದು.

ಇನ್ನು ದುಡ್ಡಿಲ್ಲದೆ ಸಿಗುವ, ಆದರೆ ಎಲ್ಲ ಯಂತ್ರಗಳಿಗಿಂತ ಬೆಲೆಯುಳ್ಳ ಒಂದು ಸಾಧನ ಉಂಟು: ನಡೆದದ್ದನ್ನು ಸರಿಯಾಗಿ ಹೇಳುವುದು. ನಮ್ಮ ಕಡೆ ತೊಡಕು ಇಲ್ಲಿಂದಲೇ. ‘ಕಣ್ಣು ಕತ್ತಲೆ ಬಂತು’ ಎಂದರೆ ಕನ್ನಡದಲ್ಲಿ ತಲೆ ತಿರುಗಿದ್ದೂ ಆಗುತ್ತದೆ, ನೋಟ ಹೋದದ್ದೂ ಆಗುತ್ತದೆ. ಮಲಯಾಳದ ‘ಕಣ್ಣಿಲ್ ಇರುಟ್ಟು ಕಯರಿ’ ಎಂಬುದಕ್ಕೂ ಅದೇ ಅವಸ್ಥೆ. ನರ್ಸ್ ಚೀಟಿಯಲ್ಲಿ ತಲೆಸುತ್ತು ಎಂದು ಬರೆದರೆ ರೋಗಿ ಹೋಗುವುದು ಬೇರೆ ಕೋಣೆಗೆ, ಸಿಗುವುದು ಬೇರೆ ಮಾತ್ರೆ. ‘ಒರು ಕಣ್ಣಿಂಡೆ ಕಾಳ್ಚ ಪೋಯಿ’, ಒಂದು ಕಣ್ಣಿನ ನೋಟ ಹೋಯಿತು ಎಂದು ಬಿಡಿಸಿ ಹೇಳಿ, ಎಷ್ಟು ನಿಮಿಷ ಎಂಬುದನ್ನೂ ಸೇರಿಸಿ.

ಒಂದು ಕಣ್ಣೋ ಎರಡೂ ಕಣ್ಣೋ ಎಂಬುದನ್ನು ಆ ಹೊತ್ತಿನಲ್ಲೇ ಪರೀಕ್ಷಿಸಬೇಕು. ಗೋಡೆಯ ಕ್ಯಾಲೆಂಡರ್ ನೋಡುತ್ತಾ ಅಂಗೈಯಿಂದ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ಬಲಗಣ್ಣು ಹೋಯಿತು ಎನ್ನುವ ಎಷ್ಟೋ ಮಂದಿಗೆ ನಿಜವಾಗಿ ಹೋಗಿರುವುದು ಎರಡೂ ಕಣ್ಣುಗಳ ಬಲಗಡೆಯ ಅರ್ಧ ನೋಟ. ಒಂದೇ ಕಣ್ಣಾದರೆ ತೊಂದರೆ ಆ ಕಣ್ಣಿನಲ್ಲಿ, ಅದರ ನರದಲ್ಲಿ ಅಥವಾ ಕತ್ತಿನ ನಾಳದಲ್ಲಿ. ಎರಡರ ಅರ್ಧರ್ಧ ಹೋದರೆ ಮೆದುಳಿನಲ್ಲಿ. ಅವಧಿಯನ್ನು ಗಡಿಯಾರ ನೋಡಿ ಬರೆದಿಡಿ. ಮೇಲಿನಿಂದ ಪರದೆ ಇಳಿದಂತೆ ಒಂದು ಕಣ್ಣು ಕತ್ತಲಾಗಿ ಕೆಲವು ನಿಮಿಷಗಳಲ್ಲಿ ತೆರೆದುಕೊಂಡರೆ ರಕ್ತದ ಹೆಪ್ಪಿನ ಚೂರು ರೆಟಿನಾದ ನಾಳಕ್ಕೆ ಬಂದು ಹೋಗಿರುವ ಸಂಶಯ. ಮಿನುಗುವ ಅಂಕುಡೊಂಕು ಗೆರೆ ನಿಧಾನಕ್ಕೆ ಹರಡುತ್ತಾ 5ರಿಂದ 60 ನಿಮಿಷ ಇದ್ದರೆ ಮೈಗ್ರೇನ್, ತಲೆನೋವು ಬಾರದೆಯೂ ಇದು ಆಗುತ್ತದೆ. ಬಗ್ಗಿದಾಗ, ಎದ್ದಾಗ ಕೆಲವೇ ಸೆಕೆಂಡು ಮಂಕಾಗಿ, ಜೊತೆಗೆ ತಲೆನೋವು, ಕಿವಿಯಲ್ಲಿ ನಾಡಿ ಬಡಿದಂಥ ಶಬ್ದ ಇದ್ದರೆ ತಲೆಯೊಳಗಿನ ಒತ್ತಡ ಹೆಚ್ಚಾಗಿರಬಹುದು. ಇದು ತೂಕ ಹೆಚ್ಚಿರುವ ಯುವತಿಯರಲ್ಲಿ ಹೆಚ್ಚು. ಮೊಡವೆಗೆ ಡಾಕ್ಸಿಸೈಕ್ಲಿನ್ ಅಥವಾ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಬೇಕು, ಅವುಗಳಿಂದಲೂ ಈ ಒತ್ತಡ ಏರುತ್ತದೆ. ಸಂಜೆ ಹೊತ್ತು ಕಣ್ಣು ನೋಯುತ್ತಾ ದೀಪದ ಸುತ್ತ ಬಣ್ಣದ ಬಳೆ ಕಂಡರೆ ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾದ ಒಂದು ಬಗೆ. ಕಣ್ಣು ಮಿಟುಕಿಸಿದರೆ ಸರಿಯಾಗುವ ಮಸುಕು ಬರೀ ಒಣಗಣ್ಣು.

ಆಸ್ಪತ್ರೆಯ ಕಣ್ಣಿನ ಹೊರರೋಗಿ ವಿಭಾಗದ (ಒಪಿ) ಸೇವೆಗೆ ಬರೋಣ. ಇಲ್ಲಿ ಕ್ರಮ ಮುಖ್ಯ. ಮೊದಲು ಟಾರ್ಚ್ ಬಿಟ್ಟು ಎರಡೂ ಪಾಪೆಗಳ ಪ್ರತಿಕ್ರಿಯೆ ನೋಡಬೇಕು, ಆಮೇಲೆ ಕಣ್ಣಿನ ಒತ್ತಡ ಮತ್ತು ಕಣ್ಣಿನೊಳಗಿನ ನೀರು ಹೊರಹೋಗುವ ಕೋನ, ಕೊನೆಗೆ ಪಾಪೆ ಅಗಲಿಸುವ ಮದ್ದು. ಮದ್ದು ಮೊದಲೇ ಬಿದ್ದರೆ ಪಾಪೆಯ ಪರೀಕ್ಷೆ ಕೈತಪ್ಪಿತು. ಕೋನ ಕಿರಿದಾಗಿರುವವರಿಗೆ ಮದ್ದಿನಿಂದಲೇ ಒತ್ತಡ ಏರುವ ಅಪಾಯವೂ ಉಂಟು. ಟ್ರೋಪಿಕಮೈಡ್ ಹನಿ ಕೆಲಸ ಮಾಡಲು 20ರಿಂದ 30 ನಿಮಿಷ ಬೇಕು, ಇಳಿಯಲು ನಾಲ್ಕಾರು ಗಂಟೆ. ಬೈಕಿನಲ್ಲಿ ಒಬ್ಬರೇ ಬಂದವರು ‘ಮದ್ದು ಬಿಡುವುದು ಬೇಡ, ಇನ್ನೊಮ್ಮೆ ಬರುತ್ತೇನೆ’ ಎನ್ನುತ್ತಾರೆ. ಅಲ್ಲಿಗೆ ಆ ದಿನದ ಭೇಟಿ ವ್ಯರ್ಥ. ಕಿರಿದಾದ ಪಾಪೆಯಿಂದ ನೋಡಿದರೆ ರೆಟಿನಾದ ಅಂಚು ಕಾಣುವುದಿಲ್ಲ, ಹರಿದದ್ದೂ ರಕ್ತ ಒಸರಿದ್ದೂ ತಪ್ಪಿಹೋಗಬಹುದು. ಜೊತೆಗೊಬ್ಬರನ್ನು ಕರೆದುಕೊಂಡು ಬೆಳಿಗ್ಗೆ ಬೇಗ ಹೋಗಿ, ಕೊಡೆ ಇರಲಿ: ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸಿನ ಬೋರ್ಡ್ ಕೂಡ ಬೆಳ್ಳಗೆ ಉರಿಯುತ್ತದೆ.

ಮದ್ದು ಬಿಟ್ಟು ನೋಡಿದರೂ ರೆಟಿನಾ ಸರಿಯಾಗಿಯೇ ಕಾಣಬಹುದು. ಹೆಪ್ಪು ಮುಂದೆ ಸರಿದುಹೋದ ಮೇಲೆ ಅಲ್ಲಿ ಗುರುತು ಉಳಿಯಲೇಬೇಕೆಂದಿಲ್ಲ. ‘ಕಣ್ಣಿನಲ್ಲಿ ತೊಂದರೆಯಿಲ್ಲ’ ಎಂದರೆ ಹುಡುಕಾಟ ಮುಗಿಯಿತು ಎಂದಲ್ಲ, ಕಣ್ಣಿನ ಆಚೆಗೆ ಹುಡುಕಬೇಕು ಎಂದು. ಕಣ್ಣಿನ ವೈದ್ಯರು ಫಿಸಿಷಿಯನ್‌ಗೋ ನ್ಯೂರಾಲಜಿಗೋ ಅದೇ ದಿನ ಪತ್ರ ಬರೆದುಕೊಟ್ಟರೆ ಆ ಸೇವೆಗೆ ಪೂರ್ಣ ಅಂಕ. ಒಣಗಣ್ಣಿನ ಹನಿ ಕೊಟ್ಟು ತಿಂಗಳು ಬಿಟ್ಟು ಬನ್ನಿ ಎಂದರೆ, ಪತ್ರವನ್ನು ನಾವೇ ಕೇಳಿ ಪಡೆಯಬೇಕು.

ಕೊಟ್ಟ ದುಡ್ಡಿಗೆ ಹೆಚ್ಚು ಉತ್ತರ ಕೊಡುವುದು ಕತ್ತಿನ ರಕ್ತನಾಳವನ್ನು ನೋಡುವ ಸ್ಕ್ಯಾನ್, ಕರೋಟಿಡ್ ಡಾಪ್ಲರ್. ಖಾಲಿ ಹೊಟ್ಟೆ ಬೇಡ, ಇಂಜೆಕ್ಷನ್ ಇಲ್ಲ. ಕುತ್ತಿಗೆಗೆ ತಣ್ಣನೆಯ ಜೆಲ್ ಹಚ್ಚಿ ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ. ಸರ, ಕಾಲರ್ ಬಿಚ್ಚಿದರೆ ಸಾಕು. ಐವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಬೀಡಿ ಸೇದುವವರು ಇದನ್ನು ಮುಂದೂಡಲೇಬಾರದು. ಎಡವಟ್ಟಾಗುವುದು ರಿಪೋರ್ಟಿನಲ್ಲಿ. ‘ಅಲ್ಲಲ್ಲಿ ಕೊಬ್ಬು ಕಟ್ಟಿದೆ’ ಎಂಬ ಒಂದು ಸಾಲಿನಿಂದ ಏನೂ ತೀರ್ಮಾನಿಸಲಾಗದು. ಎರಡೂ ಬದಿಯ ನಾಳ ಶೇಕಡಾ ಎಷ್ಟು ಕಿರಿದಾಗಿದೆ, ರಕ್ತದ ಗರಿಷ್ಠ ವೇಗ ಎಷ್ಟು ಎಂಬ ಅಂಕಿ ಇರಬೇಕು. ವೇಗ ಸೆಕೆಂಡಿಗೆ 125 ಸೆಂಟಿಮೀಟರ್ ದಾಟಿದರೆ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು, 230 ದಾಟಿದರೆ 70 ಶೇಕಡಾಕ್ಕಿಂತ ಹೆಚ್ಚು ಕಿರಿದಾಗಿದೆ ಎಂದು ಲೆಕ್ಕ. ನೋಟ ಹೋದ ಕಣ್ಣಿನ ಬದಿಯ ನಾಳವೇ ಹೀಗೆ ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಯ ಲಾಭ ಹೆಚ್ಚು ಸಿಗುವುದು ಎರಡು ವಾರದೊಳಗೆ ಮಾಡಿದಾಗ. ಡಾಪ್ಲರ್ ಮಾಡಿಸಿ ರಿಪೋರ್ಟನ್ನು ಬೀರುವಿನಲ್ಲಿ ಇಟ್ಟರೆ ಆ ಎರಡು ವಾರ ಸುಮ್ಮನೆ ಕಳೆದುಹೋಗುತ್ತದೆ.

‘ದೊಡ್ಡ ಸ್ಕ್ಯಾನಿಂಗೇ ಮಾಡಿಸೋಣ’ ಎನ್ನುವವರು ಒಂದು ವಿಷಯ ತಿಳಿದಿರಲಿ. ಸಾದಾ ಸಿಟಿ ಸ್ಕ್ಯಾನ್ ಮೆದುಳಿನ ರಕ್ತಸ್ರಾವವನ್ನು ಕೂಡಲೇ ತೋರಿಸುತ್ತದೆ, ರಕ್ತ ಸಿಗದೆ ಆದ ಸಣ್ಣ ಹೊಸ ಪೆಟ್ಟು ಅದರಲ್ಲಿ ಕಾಣದಿರಬಹುದು. ಅದಕ್ಕೆ ಎಂಆರ್‌ಐಯ ಡಿಫ್ಯೂಷನ್ ಚಿತ್ರ ಬೇಕು, ಅದೂ ಘಟನೆಯಾದ ಕೆಲವೇ ದಿನಗಳಲ್ಲಿ. ತಲೆಯೊಳಗಿನ ಒತ್ತಡದ ಸಂಶಯಕ್ಕೆ ಸಿರೆಗಳ ಚಿತ್ರವನ್ನೂ ಸೇರಿಸಿ ಬರೆಯಬೇಕು. ಬರೀ ‘ಬ್ರೈನ್ ಎಂಆರ್‌ಐ’ ಎಂದು ಬರೆದರೆ ಅದು ಬಿಟ್ಟುಹೋಗಿ, ದುಡ್ಡು ಎರಡು ಸಲ ಬೀಳಬಹುದು.

ಲ್ಯಾಬಿನಲ್ಲಿ ಸಕ್ಕರೆ, ಕೊಬ್ಬಿನ ಜೊತೆ ಮೈಯೊಳಗಿನ ಉರಿಯೂತ ತೋರಿಸುವ ಇಎಸ್ಆರ್ ಮತ್ತು ಸಿಆರ್‌ಪಿ ಮಾಡಿಸುವುದು ಐವತ್ತು ದಾಟಿದವರಿಗೆ ಕಡ್ಡಾಯ ಎಂದೇ ನಮ್ಮ ಅಭಿಪ್ರಾಯ. ಬಾಚಣಿಗೆ ತಾಗಿದರೆ ತಲೆ ನೋವು, ಅಗಿಯುವಾಗ ದವಡೆ ಸೋಲುವುದು ಇದ್ದರೆ ತಲೆಯ ರಕ್ತನಾಳದ ಉರಿಯೂತ ಇರಬಹುದು. ಆಗ ವೈದ್ಯರು ಬಯಾಪ್ಸಿಗೆ ಕಾಯದೆ ಸ್ಟಿರಾಯ್ಡ್ ಶುರುಮಾಡುತ್ತಾರೆ. ತಡವಾದರೆ ಎರಡನೆಯ ಕಣ್ಣೂ ಹೋಗುವ ಭಯ. ಹೆಪ್ಪು ಹೃದಯದಿಂದಲೂ ಬಂದಿರಬಹುದು, ಅದರ ಲಯ ತಪ್ಪಿದೆಯೇ ಎಂದು ನೋಡಲು ಇಸಿಜಿ ಬೇಕು. ಅದು ಸರಿಯಿದ್ದರೂ ಸಂಶಯ ಉಳಿದರೆ 24 ಗಂಟೆ ಹೃದಯದ ಲಯವನ್ನು ದಾಖಲಿಸುವ ಹೋಲ್ಟರ್ ಯಂತ್ರ.

ಮನೆಯ ಬಿಪಿ ಮಿಷನ್‌ನಿಂದಲೂ ಒಂದು ಉತ್ತರ ಸಿಗುತ್ತದೆ, ಬಳಸುವ ಕ್ರಮ ಸರಿಯಿದ್ದರೆ. ಐದು ನಿಮಿಷ ಮಲಗಿ ಒಮ್ಮೆ ಅಳೆಯಿರಿ. ಎದ್ದು ನಿಂತು ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಎದ್ದಾಗ ಎರಡೂ ಕಣ್ಣು ಕತ್ತಲಾಗುವುದಕ್ಕೆ ಕಾರಣ ಸಿಕ್ಕ ಹಾಗೆಯೇ. ಬಿಪಿ ಮಾತ್ರೆ, ಪ್ರಾಸ್ಟೇಟಿನ ಟ್ಯಾಮ್ಸುಲೋಸಿನ್ ಇದಕ್ಕೆ ಮಾಮೂಲಿ ಕಾರಣಗಳು. ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ, ಸ್ಟ್ರಿಪ್ ಸಮೇತ ವೈದ್ಯರಿಗೆ ತೋರಿಸಿ. ರಾತ್ರಿ ಒಂದೇ ಮಗ್ಗುಲಲ್ಲಿ ಮಲಗಿ ಮೊಬೈಲ್ ನೋಡಿ, ದೀಪ ಆರಿಸಿದ ಮೇಲೆ ಒಂದು ಕಣ್ಣಿಗೆ ಮಾತ್ರ ಕಾಣದಾದರೆ ಹೆದರಬೇಕಾಗಿಲ್ಲ: ದಿಂಬಿನಲ್ಲಿ ಮುಚ್ಚಿದ್ದ ಕಣ್ಣು ಕತ್ತಲೆಗೆ ಒಗ್ಗಿರುತ್ತದೆ, ಪರದೆ ನೋಡಿದ್ದು ಒಗ್ಗಿರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಸರಿಯಾಗುತ್ತದೆ.

ನೋಟ ಮರಳಿ ಬಂದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮರಳದೆ ಇದ್ದರೆ, ಅಥವಾ ಮಾತು ತೊದಲಿ ಕೈ ಸೋತರೆ, ಕಣ್ಣಿನ ಕ್ಲಿನಿಕ್ ಹುಡುಕುತ್ತಾ ಹೊತ್ತು ಕಳೆಯಬೇಡಿ. 108ಕ್ಕೆ ಕರೆಮಾಡಿ, ರಾತ್ರಿಯೂ ಸಿಟಿ ಸ್ಕ್ಯಾನ್ ಮತ್ತು ಸ್ಟ್ರೋಕ್ ಚಿಕಿತ್ಸೆ ಇರುವ ಆಸ್ಪತ್ರೆಗೇ ನೇರ ಹೋಗಿ. ಪಾರ್ಶ್ವವಾಯುವಿನ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಸಮಯ ನಾಲ್ಕೂವರೆ ಗಂಟೆ. ಕಾಸರಗೋಡಿನಿಂದ ಮಂಗಳೂರಿಗೆ ಹೆದ್ದಾರಿ 66ರಲ್ಲಿ ಸುಮಾರು 50 ಕಿಲೋಮೀಟರ್. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆ ದೂರ ಎಷ್ಟು ದೊಡ್ಡದೆಂದು ಇಲ್ಲಿಯವರೆಲ್ಲ ಕಂಡಿದ್ದಾರೆ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಸಿಟಿ ಈಗ ನಡೆಯುತ್ತಿದೆಯೇ, ನ್ಯೂರಾಲಜಿ ವೈದ್ಯರು ಈ ಹೊತ್ತಿಗೆ ಸಿಗುತ್ತಾರೆಯೇ. ಕಡೆಯ ಬಾರಿ ನೋಟ ಸರಿಯಿದ್ದದ್ದು ಎಷ್ಟು ಗಂಟೆಗೆ ಎಂದು ಒಂದು ಚೀಟಿಯಲ್ಲಿ ಬರೆದು, ಮಾತ್ರೆಗಳ ಸ್ಟ್ರಿಪ್ ಜೊತೆಗೆ ರೋಗಿಯ ಜೇಬಿನಲ್ಲಿಡಿ.