ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಹೊಡೆದರೆ: ಫೋನಿನಲ್ಲಿ ಹೇಳುವುದೋ, ಕೇಂದ್ರಕ್ಕೆ ಒಯ್ಯುವುದೋ?

ನಮ್ಮಲ್ಲಿ ಜಿಂಕೆ ಹೊಡೆದರೆ ಜೈಲು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಲೈಸೆನ್ಸ್ ಇದ್ದರೆ ಹೊಡೆಯಬಹುದು. ಆದರೆ ಹೊಡೆದದ್ದನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಅಲ್ಲಿ ನೆಲೆಸಿ ಹೊಸದಾಗಿ ಬೇಟೆಗೆ ಇಳಿದವರಿಗೆ ಈ ಹೋಲಿಕೆ.

ಮೊದಲೆಲ್ಲ ಜಿಂಕೆಯನ್ನು ಗಾಡಿಗೆ ಹಾಕಿಕೊಂಡು ನೋಂದಣಿ ಕೇಂದ್ರಕ್ಕೆ ಹೋಗಬೇಕಿತ್ತು. 2015ರಿಂದ ಫೋನ್ ಅಥವಾ ಆನ್‌ಲೈನ್ ಸಾಕು. ಜಿಂಕೆ ಕೈಗೆ ಸಿಕ್ಕ ಮರುದಿನ ಸಂಜೆ 5 ಗಂಟೆಯೊಳಗೆ ಮುಗಿಸಬೇಕು, ಅಷ್ಟೇ. ಕಾಡಿನಲ್ಲಿ ಸಿಗ್ನಲ್ ಸಿಗದಿದ್ದರೆ ಮನೆಗೆ ಬಂದು ಮಾಡಿ. ಕೊನೆಯಲ್ಲಿ ಬರುವ ದೃಢೀಕರಣ ಸಂಖ್ಯೆ ಬರೆದಿಟ್ಟುಕೊಳ್ಳಿ. ಸುಲಭದ ವಿಷಯದಲ್ಲಿ ಫೋನೇ ಗೆದ್ದಿತು, ಅನುಮಾನ ಬೇಡ.

ಆದರೆ ಫೋನಿಗೆ ಕಣ್ಣಿಲ್ಲ ಅಲ್ವಾ? ನೀವು ಹೇಳಿದ್ದೇ ಲೆಕ್ಕ. ಎದುರಿಗೆ ಒಯ್ದರೆ ತಿಳಿದವರು ಹಲ್ಲಿನ ಸವೆತ ನೋಡಿ ವಯಸ್ಸು ಅಂದಾಜು ಮಾಡುತ್ತಾರೆ. ನಾಲ್ಕು ಬೇಟೆಗಾರರ ಹರಟೆಯೂ ಸಿಗುತ್ತದೆ. ಹಳಬರು ಇವತ್ತಿಗೂ ಗೊಣಗುವುದು ಅದಕ್ಕೇ.

ಇನ್ನೊಂದು ಮುಖ್ಯ ವಿಷಯ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್), ಅಂದರೆ ಜಿಂಕೆಯ ಮಿದುಳನ್ನು ಕೆಡಿಸಿ ಕೊಲ್ಲುವ ರೋಗ. ವಿಸ್ಕಾನ್ಸಿನ್‌ನಲ್ಲಿ ಇದು ಪತ್ತೆಯಾದದ್ದು 2002ರಲ್ಲಿ. ರೋಗ ತಗುಲಿದ ಜಿಂಕೆ ಮೊದಮೊದಲು ಚೆನ್ನಾಗಿಯೇ ಕಾಣುತ್ತದೆ. ಮಾಂಸ ಬೇಯಿಸಿದರೂ ರೋಗಕಾರಕ ನಾಶವಾಗುವುದಿಲ್ಲ. ಪರೀಕ್ಷೆಗೆ ಕುತ್ತಿಗೆಯ ಗ್ರಂಥಿ ಬೇಕು. ಅದನ್ನು ಫೋನಿನಲ್ಲಿ ಕೊಡಲಾಗದು.

ಹಾಗಾಗಿ ನನ್ನ ಆಯ್ಕೆ: ನೋಂದಣಿ ಫೋನಿನಲ್ಲೇ ಮುಗಿಸಿ, ಕುತ್ತಿಗೆಯ ಸ್ವಲ್ಪ ಭಾಗ ಸೇರಿದಂತೆ ತಲೆಯನ್ನು ಮಾತ್ರ ಮಾದರಿ ಸಂಗ್ರಹಿಸುವ ಜಾಗಕ್ಕೆ ಕೊಟ್ಟು ಬನ್ನಿ. ಫಲಿತಾಂಶ ಬರುವ ತನಕ ಮಾಂಸ ಫ್ರೀಜರ್‌ನಲ್ಲಿರಲಿ.