ನಿವೃತ್ತರ ಕಾರಿಗೆ ಥರ್ಡ್ ಪಾರ್ಟಿ ಸಾಕೇ, ಕಾಂಪ್ರಹೆನ್ಸಿವ್ ಬೇಕೇ?

ಥರ್ಡ್ ಪಾರ್ಟಿ ವಿಮೆ ನಿಮ್ಮಿಂದ ಬೇರೆಯವರಿಗಾದ ಹಾನಿಯನ್ನಷ್ಟೇ ಭರಿಸುತ್ತದೆ. ನಿಮ್ಮ ಕಾರು ಜಖಂ ಆದರೆ, ಕಳವಾದರೆ ಖರ್ಚು ನಿಮ್ಮದೇ. ಕಾಂಪ್ರಹೆನ್ಸಿವ್‌ನಲ್ಲಿ ಎರಡೂ ಸೇರುತ್ತವೆ, ಪ್ರೀಮಿಯಂ ಜಾಸ್ತಿ.

ಎರಡರ ವಾರ್ಷಿಕ ಪ್ರೀಮಿಯಂ ನಡುವಿನ ಅಂತರವನ್ನು ಕಾರಿನ ಈಗಿನ ಮಾರುಕಟ್ಟೆ ಬೆಲೆಯ ಪಕ್ಕ ಇಟ್ಟು ನೋಡಿ. ಅಂತರ ಆ ಬೆಲೆಯ ಶೇ. 10 ದಾಟಿದ್ದರೆ ಥರ್ಡ್ ಪಾರ್ಟಿ ಸಾಕು; ಆದರೆ ಕಾರು ಹೋದರೆ ಇನ್ನೊಂದು ಕೊಳ್ಳುವಷ್ಟು ಉಳಿತಾಯ ಇರಬೇಕು. ಪಿಂಚಣಿಯೊಂದನ್ನೇ ನೆಚ್ಚಿಕೊಂಡವರು ಕಾಂಪ್ರಹೆನ್ಸಿವ್ ಬಿಡದಿರುವುದೇ ಲೇಸು. ಥರ್ಡ್ ಪಾರ್ಟಿ ಪರಿಹಾರಕ್ಕೆ ಮಿತಿ ಇರುವ ಪಾಲಿಸಿಯಾದರೆ ಆ ಮಿತಿಯನ್ನು ಮಾತ್ರ ತಗ್ಗಿಸಬೇಡಿ. ಮಿತಿ ಮೀರಿದ ಪರಿಹಾರ ನಿಮ್ಮ ಠೇವಣಿಗೆ, ಮನೆಗೇ ಕೈ ಹಾಕಬಹುದು.

ಕ್ಲೇಮಿನಲ್ಲಿ ನೀವೇ ಭರಿಸುವ ಮೊತ್ತ ಹೆಚ್ಚಿಸಿದರೆ ಪ್ರೀಮಿಯಂ ಇಳಿಯುತ್ತದೆ. ರಿವರ್ಸ್ ತೆಗೆಯುವಾಗ ಗೇಟಿಗೆ ತಾಗಿ ಬಂಪರ್ ಬಿರುಕು ಬಿಟ್ಟಿತು, ಟೇಲ್ ಲ್ಯಾಂಪ್ ಒಡೆಯಿತು ಎನ್ನಿ. ಇಂಥ ರಿಪೇರಿ ಆಗ ಪೂರ್ತಿ ನಿಮ್ಮ ಜೇಬಿನದೇ ಆಗಬಹುದು. ಹಾಗೆಂದು ಸಣ್ಣದಕ್ಕೆಲ್ಲ ಕ್ಲೇಮ್ ಹಾಕಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಹಾಕದ ವರ್ಷಕ್ಕೆ ಸಿಗುವ ಪ್ರೀಮಿಯಂ ರಿಯಾಯಿತಿ) ಹೋಗುತ್ತದೆ. ಸಣ್ಣ ಗೀರಿಗೆ ಹೇಗೂ ಕ್ಲೇಮ್ ಹಾಕದವರಿಗೆ ಹೆಚ್ಚಿನ ಮೊತ್ತವೇ ಲಾಭ.

ದಿನಾ ಆಫೀಸಿಗೆ ಓಡಾಟ ನಿಂತಿದೆಯಲ್ಲ, ಕಿಲೋಮೀಟರ್ ಆಧಾರಿತ ಪಾಲಿಸಿ ಇದ್ದರೆ ಕೇಳಿ. ಹಳೆಯ ಸರ್ವಿಸ್ ಬಿಲ್‌ಗಳಲ್ಲಿ ಓಡೋಮೀಟರ್ ಅಂಕಿ ಇರುತ್ತದೆ. ಅದರಿಂದ ವರ್ಷದ ಓಟ ಲೆಕ್ಕ ಹಾಕಿ, ದೂರದ ಪ್ರವಾಸವನ್ನೂ ಸೇರಿಸಿ. ಕಡಿಮೆ ತೋರಿಸಿದರೆ ಕ್ಲೇಮ್ ವೇಳೆ ತಕರಾರು ಬರುತ್ತದೆ.

ಮಗನೋ ಮೊಮ್ಮಗಳೋ ಕಾರು ಓಡಿಸುವುದಿದ್ದರೆ ಚಾಲಕರ ಹೆಸರು ನಮೂದಿಸುವ ಪಾಲಿಸಿಯಲ್ಲಿ ಅವರ ಹೆಸರೂ ಇರಲಿ. ದೃಷ್ಟಿದೋಷ, ಮೂರ್ಛೆಯಂಥ ತೊಂದರೆಯ ಬಗ್ಗೆ ಅರ್ಜಿಯಲ್ಲಿ ಕೇಳಿದ್ದರೆ ಮುಚ್ಚಿಡಬೇಡಿ; ಮುಚ್ಚಿಟ್ಟ ಕಾರಣಕ್ಕೇ ಪರಿಹಾರ ನಿರಾಕರಿಸಬಹುದು.